ಯಾವ ನಕ್ಷೆ ನಿಜ? ತಗಡಿನ ಬೇಲಿಯ ಹಿಂದೆ ಬದಲಾಗುತ್ತಲೇ ಇರುವ ಕಟ್ಟಡ

ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಒಳರಸ್ತೆಯಲ್ಲಿ ನಾಲ್ಕು ವರ್ಷಗಳಿಂದ ತಗಡಿನ ಬೇಲಿ ನಿಂತಿದೆ. ಅದರ ಮೇಲಿನ ಫ್ಲೆಕ್ಸ್ ಮಾತ್ರ ಒಂದೇ ಆಗಿ ಉಳಿದಿಲ್ಲ. ಮೊದಲು ಹಾಕಿದ್ದರಲ್ಲಿ ಹತ್ತು ಮಹಡಿಯ ಕೆನೆಬಣ್ಣದ ಕಟ್ಟಡ, ಮುಂದೆ ಹುಲ್ಲುಹಾಸು, ಮೂಲೆಯಲ್ಲಿ ಆ ಜಾಗದಲ್ಲಿ ನಿಜವಾಗಿಯೂ ಇದ್ದ ಹಲಸಿನ ಮರ. ಎರಡನೆಯದರಲ್ಲಿ ಹುಲ್ಲು ಇದ್ದಲ್ಲಿ ಗಾಜಿನ ಅಂಗಡಿಗಳ ಸಾಲು. ಈಗಿರುವುದು ಮೂರನೆಯದು: ಕಟ್ಟಡ ಹನ್ನೆರಡು ಮಹಡಿಗೆ ಬೆಳೆದಿದೆ, ಬಣ್ಣ ಬೂದಿಯಾಗಿದೆ, ನೆಲದಲ್ಲಿದ್ದ ಈಜುಕೊಳ ತಾರಸಿ ಹತ್ತಿದೆ. ಹಲಸಿನ ಮರ ಚಿತ್ರದಲ್ಲೂ ಇಲ್ಲ, ಜಾಗದಲ್ಲೂ ಇಲ್ಲ.

ಪಕ್ಕದ ಹಂಚಿನ ಮನೆಯ ಬಾಯಮ್ಮ ಒಂದು ಸಂಜೆ ಗೇಟಿನ ಬಳಿ ನಿಂತು ನನ್ನನ್ನು ಕೇಳಿದರು: "ಇದರಲ್ಲಿ ನಿಜ ಯಾವುದು ಮಾರಾಯರೇ?"

ನನಗೆ ಉತ್ತರ ಗೊತ್ತಿರಬೇಕಿತ್ತು. ಆ ಕಟ್ಟಡದ ಆರನೇ ಮಹಡಿಯಲ್ಲಿ ನಾನೂ ಒಂದು ಫ್ಲಾಟ್ ಕಾದಿರಿಸಿದ್ದೇನೆ. ಆದರೆ ಅಂದು ತಲೆ ಕೆರೆದುಕೊಂಡು ಮನೆಗೆ ಬಂದೆ. ಆಮೇಲಿನ ಕೆಲವು ತಿಂಗಳು ಕಡತ, ಕಾಯಿದೆ, ಕಚೇರಿಗಳ ನಡುವೆ ಓಡಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಿಲ್ಡರ್ ಯಾರೆಂದು ಹೇಳುವುದಿಲ್ಲ. ಹೇಳಿದರೆ ಇದು ಒಬ್ಬರ ಕಥೆಯಾಗಿಬಿಡುತ್ತದೆ. ಬಿಜೈ, ಕದ್ರಿ, ಬೆಂದೂರ್‌ವೆಲ್, ಫಳ್ನೀರ್, ಅತ್ತಾವರ ಎಲ್ಲಿ ಹೋದರೂ ಇಂಥದ್ದೇ ತಗಡಿನ ಬೇಲಿ, ಅದರ ಸುತ್ತ ಇಂಥದ್ದೇ ಗೊಣಗಾಟ ಸಿಗುತ್ತದೆ.

ಬಾಯಮ್ಮನ ಪ್ರಶ್ನೆಗೆ ನೇರ ಉತ್ತರ: ಮೂರೂ ನಿಜವಲ್ಲ. ಫ್ಲೆಕ್ಸ್ ಮೇಲಿನದು ಮಾರಾಟದ ಚಿತ್ರ. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ "ಕಲಾವಿದರ ಕಲ್ಪನೆ" ಎಂದು ಬರೆದಿರುತ್ತದೆ. ಒಂದು ಕಟ್ಟಡಕ್ಕೆ ಒಂದೇ ನಕ್ಷೆ ಇರುತ್ತದೆ ಎಂದು ನಾವು ತಿಳಿದಿರುವುದೇ ಅರ್ಧ ಗೊಂದಲಕ್ಕೆ ಮೂಲ. ಕಡಿಮೆಯೆಂದರೂ ಐದು ಇರುತ್ತವೆ. ಬ್ರೋಷರ್‌ನಲ್ಲಿರುವುದು ಒಂದು. ಮೊಹರು ಬಿದ್ದ ಮಂಜೂರಾದ ನಕ್ಷೆ ಇನ್ನೊಂದು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣಕ್ಕೆ ಏರಿಸಿದ್ದು ಮೂರನೆಯದು. ಇದು ಎರಡನೆಯದರ ಪ್ರತಿಯೇ ಆಗಿರಬೇಕು, ಹಾಗೆಯೇ ಇದೆಯೇ ಎಂದು ತಾಳೆ ನೋಡುವವರು ಕಡಿಮೆ. ಕೆಲಸದ ಜಾಗದಲ್ಲಿ ಮೇಸ್ತ್ರಿಯ ಕೈಯಲ್ಲಿ ಸಿಮೆಂಟ್ ಮೆತ್ತಿಕೊಂಡು ಸುರುಳಿ ಸುತ್ತಿರುವ ವರ್ಕಿಂಗ್ ಡ್ರಾಯಿಂಗ್ ನಾಲ್ಕನೆಯದು. ಎಲ್ಲ ಮುಗಿದ ಮೇಲೆ ನಿಜವಾಗಿ ಎದ್ದು ನಿಂತದ್ದು ಹೇಗಿದೆಯೋ ಅದು ಐದನೆಯದು. ಜನರ ಸಿಟ್ಟೆಲ್ಲ ಹುಟ್ಟುವುದು ಈ ಐದರ ನಡುವಿನ ಅಂತರದಲ್ಲಿ. ಕಾನೂನಿನ ಕಣ್ಣಿಗೆ ಹೆಚ್ಚು ತೂಕವಿರುವುದು ಎರಡನೆಯದಕ್ಕೆ. ಆದರೆ ನಾವು ದುಡ್ಡು ಕೊಡುವುದು ಮೊದಲನೆಯದನ್ನು ನೋಡಿ.

ಮೊಹರು ಒತ್ತುವವರು ಯಾರು? ನಗರದಲ್ಲಿ ಎರಡು ಬಾಗಿಲು ತಟ್ಟಬೇಕು. ಭೂ ಬಳಕೆ, ಮಹಾಯೋಜನೆ (ಮಾಸ್ಟರ್ ಪ್ಲಾನ್), ನಿವೇಶನ ವಿನ್ಯಾಸದ ವಿಚಾರ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಮುಡಾದ್ದು (ಸುದ್ದಿಯಲ್ಲಿ ಗದ್ದಲವೆಬ್ಬಿಸಿದ ಮೈಸೂರಿನದ್ದಲ್ಲ, ನಮ್ಮದೇ ಮಂಗಳೂರಿನದ್ದು). ಅದರ ಹಿಂದಿರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. ಕಟ್ಟಡ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ, 1976ರ ಪೌರ ನಿಗಮಗಳ ಕಾಯಿದೆಯ ಪ್ರಕಾರ. ಎತ್ತರ ಹೆಚ್ಚಿದ್ದರೆ ಅಗ್ನಿಶಾಮಕ ಇಲಾಖೆ, ವಿಮಾನ ನಿಲ್ದಾಣ ಪ್ರಾಧಿಕಾರ. ನದಿ, ಸಮುದ್ರದ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮೋದನೆ. ಇಷ್ಟು ಕಡೆ ತಿರುಗುವ ನಕ್ಷೆ ಹೊರಟ ರೂಪದಲ್ಲೇ ಮನೆಗೆ ಮರಳುವುದು ಅಪರೂಪ. ಇದನ್ನು ಬಿಲ್ಡರ್‌ಗಳ ಪರವಾಗಿ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ಮಣ್ಣು, ಮಳೆ, ವಿಮಾನ

ಮಂಗಳೂರಿನಲ್ಲಿ ವಿನ್ಯಾಸ ಬದಲಾಗಲು ಮಣ್ಣೇ ಒಂದು ದೊಡ್ಡ ಕಾರಣ. ಮೇಲೆ ಮುರಕಲ್ಲು ಗಟ್ಟಿಯಾಗಿ ಕುಳಿತಿರುತ್ತದೆ. ಅದರ ಧೈರ್ಯದ ಮೇಲೆಯೇ ನಮ್ಮ ಹಿರಿಯರು ಹಂಚಿನ ಮನೆ ಕಟ್ಟಿಕೊಂಡು ನೂರು ವರ್ಷ ಬಾಳಿದರು. ಆದರೆ ಕೆಳಗೆ ಹೋದರೆ ಶೇಡಿ ಮಣ್ಣು: ಬಿಳಿ, ಕೆಲವೆಡೆ ಗುಲಾಬಿ ಇಲ್ಲವೇ ಹಳದಿ ಛಾಯೆಯ ನುಣುಪು ಮಣ್ಣು. ಒಣಗಿದ್ದಾಗ ಗುದ್ದಲಿ ಬಡಿದರೂ ಜಗ್ಗದು. ನೀರು ತಾಗಿತೋ, ಬೆಣ್ಣೆಯಂತೆ ಜಾರುತ್ತದೆ. ಹಳೆಯ ಮನೆಗಳಿಗೆ ಶೇಡಿಯ ತನಕ ಇಳಿಯುವ ಅಗತ್ಯವೇ ಇರಲಿಲ್ಲ. ಎರಡು ಹಂತದ ನೆಲಮಾಳಿಗೆ ಪಾರ್ಕಿಂಗ್ ಬೇಕೆಂದು ಇಪ್ಪತ್ತೈದು ಅಡಿ ಅಗೆಯುವ ಇಂದಿನ ಕಟ್ಟಡ ಇಳಿಯಲೇಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ತಿಂಗಳಲ್ಲಿ ಅರ್ಧ ಅಗೆದು ಬಿಟ್ಟ ಗುಂಡಿ ಜುಲೈಯಲ್ಲಿ ಏನಾಗುತ್ತದೆ ಎಂದು ಇಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡ ಕಾಮಗಾರಿಯ ಜಾಗದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಕ್ಕಿಬಿದ್ದರು. ಒಬ್ಬರನ್ನು ಮೇಲೆತ್ತಲಾಯಿತು, ಇನ್ನೊಬ್ಬರು ಬದುಕಲಿಲ್ಲ.

ಹೀಗಾಗಿ ಮಣ್ಣು ಪರೀಕ್ಷೆಯ ವರದಿ ಬಂದ ಮೇಲೆ ಪೈಲಿಂಗ್ ಸೇರುತ್ತದೆ, ತಡೆಗೋಡೆ ದಪ್ಪವಾಗುತ್ತದೆ, ಎರಡು ನೆಲಮಾಳಿಗೆ ಒಂದಾಗುತ್ತದೆ, ಒಂದಾದದ್ದರಿಂದ ಕಾರುಗಳು ಮೇಲೆ ಬರುತ್ತವೆ, ಕಾರು ಮೇಲೆ ಬಂದದ್ದರಿಂದ ಹುಲ್ಲುಹಾಸು ಹೋಗುತ್ತದೆ. ನನ್ನ ಕಟ್ಟಡದ ಎರಡನೇ ಫ್ಲೆಕ್ಸ್‌ನ ಹಿಂದೆ ಇದ್ದ ಕಥೆ ಸ್ವಲ್ಪ ಮಟ್ಟಿಗೆ ಇದೇ. ಯಾರಾದರೂ ಅಂದೇ ಕರೆದು ಕೂರಿಸಿ ಹೇಳಿದ್ದರೆ ಅರ್ಧದಷ್ಟು ಜನ ತಲೆಯಾಡಿಸುತ್ತಿದ್ದರು. ಆದರೆ ಪಾರ್ಕಿಂಗ್‌ಗಾಗಿ ಹೋದ ಹುಲ್ಲಿನ ಜಾಗದಲ್ಲಿ ಅಂಗಡಿಗಳು ಹೇಗೆ ಬಂದವು ಎಂಬುದಕ್ಕೆ ಮಣ್ಣು ಪರೀಕ್ಷೆಯಲ್ಲಿ ಉತ್ತರವಿಲ್ಲ.

ಇನ್ನು ಎತ್ತರ. ಬಜಪೆ ವಿಮಾನ ನಿಲ್ದಾಣದ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದ ಗುಡ್ಡದ ತಲೆಯ ಮೇಲಿದೆ. ವಿಮಾನಗಳ ಸುರಕ್ಷತೆಗಾಗಿ ಸುತ್ತಲಿನ ಕಟ್ಟಡಗಳಿಗೆ ಮಿತಿ ಹಾಕುವಾಗ ವಿಮಾನ ನಿಲ್ದಾಣ ಪ್ರಾಧಿಕಾರ ಲೆಕ್ಕ ಹಿಡಿಯುವುದು ಕಟ್ಟಡದ ಬುಡದಿಂದಲ್ಲ, ಸಮುದ್ರ ಮಟ್ಟದಿಂದ ಅದರ ತುದಿಗೆ. ಒಂದೇ ಮಿತಿಯೊಳಗೆ ಕದ್ರಿ ಗುಡ್ಡದ ಮೇಲಿನ ಜಾಗಕ್ಕೆ ಸಿಗುವ ಮಹಡಿಗಳಿಗಿಂತ ಕುದ್ರೋಳಿಯ ತಗ್ಗಿನಲ್ಲಿರುವ ಜಾಗಕ್ಕೆ ಹೆಚ್ಚು ಸಿಗಬಹುದು. ಲಿಫ್ಟ್ ಕೊಠಡಿ, ನೀರಿನ ಟ್ಯಾಂಕ್, ಮೊಬೈಲ್ ಕಂಬ ಎಲ್ಲವೂ ಆ ತುದಿಯ ಲೆಕ್ಕಕ್ಕೆ ಸೇರುತ್ತವೆ. ಅಗ್ನಿಶಾಮಕದವರು ಇನ್ನೊಂದು ಮೆಟ್ಟಿಲು, ಗಾಡಿ ಸುತ್ತ ತಿರುಗಲು ದಾರಿ ಕೇಳುತ್ತಾರೆ. ಇವೆಲ್ಲ ನ್ಯಾಯವಾದ ಕಾರಣಗಳು.

ನಲವತ್ತು ಸೆಂಟ್ಸ್‌ನ ಲೆಕ್ಕ

ಈಗ ದುಡ್ಡಿನ ಕಾರಣಕ್ಕೆ ಬರೋಣ. ಇದಕ್ಕೆ ನಮ್ಮೂರಿನ ಅಳತೆಯಲ್ಲೇ ಒಂದು ಲೆಕ್ಕ ಹಾಕಬೇಕು.

ಜಾಗ 40 ಸೆಂಟ್ಸ್, ಅಂದರೆ 17,424 ಚದರಡಿ. ಎಫ್‌ಎಆರ್ ಎಂಬ ಮೂರಕ್ಷರದ ಅರ್ಥ ಇಷ್ಟೇ: ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಮಹಡಿ ಕಟ್ಟಬಹುದು ಎಂಬ ಮಿತಿ. ವಲಯ, ರಸ್ತೆಯ ಅಗಲ ನೋಡಿ ಇದು ನಿಗದಿಯಾಗುತ್ತದೆ. ಲೆಕ್ಕಕ್ಕೆಂದು 2.5 ಎಂದು ಹಿಡಿಯಿರಿ. ನಲವತ್ತರ ಎರಡೂವರೆ ಪಟ್ಟು ನೂರು ಸೆಂಟ್ಸ್. ಅಂದರೆ 40 ಸೆಂಟ್ಸ್ ನೆಲದ ಮೇಲೆ ಒಂದು ಎಕರೆ, 43,560 ಚದರಡಿ, ಮನೆಗಳನ್ನು ಪೇರಿಸಬಹುದು. ಹತ್ತು ಮಹಡಿ, ಮಹಡಿಗೆ ಮೂರರಂತೆ 30 ಫ್ಲಾಟ್. ಇದು ಮೊದಲ ಫ್ಲೆಕ್ಸ್.

ಆಮೇಲೆ ಬಿಲ್ಡರ್ ಟಿಡಿಆರ್ ತರುತ್ತಾರೆ. ರಸ್ತೆ ಅಗಲ ಮಾಡಲು ಜಾಗ ಬಿಟ್ಟುಕೊಟ್ಟವರಿಗೆ ಪಾಲಿಕೆ ನಗದಿನ ಬದಲು ಕೊಡುವ ಅಭಿವೃದ್ಧಿ ಹಕ್ಕಿನ ಪತ್ರವಿದು. ಪಡೆದವರು ಅದನ್ನು ಬೇರೆಯವರಿಗೆ ಮಾರಬಹುದು. ಕೊಂಡವರು ತಮ್ಮ ಜಾಗದಲ್ಲಿ ಅಷ್ಟು ಹೆಚ್ಚುವರಿ ಕಟ್ಟಬಹುದು. ಕಾಯಿದೆಯಲ್ಲಿಯೇ ಇರುವ ವ್ಯವಸ್ಥೆ, ತಪ್ಪೇನಿಲ್ಲ. ಹೀಗೆ ಎಫ್‌ಎಆರ್ 3ಕ್ಕೆ ಏರಿತು ಎನ್ನಿ, ಇನ್ನೂ ಎರಡು ಮಹಡಿ, ಇನ್ನೂ ಆರು ಫ್ಲಾಟ್. ಇದು ಮೂರನೇ ಫ್ಲೆಕ್ಸ್.

ಮೇಲೆ ಎರಡು ಮಹಡಿ ಬಂದರೆ ಕೆಳಗಿರುವ ನನಗೇನು ನಷ್ಟ? ಹೆಚ್ಚಿನವರು ಇಲ್ಲಿಯೇ ಎಡವುವುದು. ಫ್ಲಾಟ್ ಕೊಂಡವನಿಗೆ ಗೋಡೆಗಳ ನಡುವಿನ ಜಾಗದ ಜೊತೆಗೆ ನೆಲದಲ್ಲಿ ಅವಿಭಜಿತ ಪಾಲು ಇರುತ್ತದೆ. ಐವತ್ತು ವರ್ಷದ ಮೇಲೆ ಕಟ್ಟಡ ಹಳತಾಗಿ ಕೆಡವಿದಾಗ ಉಳಿಯುವ ಆಸ್ತಿ ಅದೊಂದೇ. 30 ಮನೆ ಇದ್ದಾಗ ಸಮಪಾಲಿನ ಲೆಕ್ಕದಲ್ಲಿ ಒಬ್ಬೊಬ್ಬರಿಗೆ 581 ಚದರಡಿ ನೆಲ. 36 ಆದಾಗ 484. ಸುಮಾರು 97 ಚದರಡಿ, ಕಾಲು ಸೆಂಟ್ಸ್‌ಗಿಂತ ತುಸು ಕಡಿಮೆ, ಸದ್ದಿಲ್ಲದೆ ಜಾರಿಹೋಯಿತು. ಪೇಟೆಯ ನಡುವಿನ ಜಾಗಕ್ಕೆ ಸೆಂಟ್ಸ್‌ಗೆ 20 ಲಕ್ಷ ಎಂದು ಲೆಕ್ಕಕ್ಕೆ ಹಿಡಿದರೆ ಒಬ್ಬೊಬ್ಬರ ಕಿಸೆಯಿಂದ ಹೋದದ್ದು ನಾಲ್ಕು ಲಕ್ಷ ನಲವತ್ತು ಸಾವಿರ ರೂಪಾಯಿಯಷ್ಟು. ಲಿಫ್ಟ್ ಮಾತ್ರ ಮೊದಲಿನ ಎರಡೇ. ಬಾವಿ, ಬೋರ್‌ವೆಲ್, ಗೇಟು, ರಸ್ತೆ ಅಷ್ಟೇ. ಈ ಲೆಕ್ಕವನ್ನು ನಾನು ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದಾಗ, ಅಂದಿನ ತನಕ "ಮೇಲೆ ಎಷ್ಟು ಬೇಕಾದರೂ ಕಟ್ಟಲಿ, ನಮಗೇನು" ಎನ್ನುತ್ತಿದ್ದ ಸಹಖರೀದಿದಾರರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂರು ಕೋಣೆಯ ಮನೆಗಳು ಹೋಗದಿದ್ದರೆ ಎರಡು ಕೋಣೆಯವಾಗುತ್ತವೆ. ಕೊಲ್ಲಿಯಲ್ಲಿ ಕೆಲಸ ಅಲುಗಿದರೆ ಇಲ್ಲಿ ಬುಕಿಂಗ್ ನಿಲ್ಲುತ್ತದೆ. ಪಾಲುದಾರರ ನಡುವೆ ಜಗಳವಾಗುತ್ತದೆ. ಜಾಗದ ಮಾಲೀಕರ ಮನೆಯಲ್ಲಿ ಮುಂಬೈಯಿಂದ ಬಂದ ತಮ್ಮ ತನ್ನ ಪಾಲು ಕೇಳುತ್ತಾನೆ. ಇವೆಲ್ಲ ಸೇರಿ ನಕ್ಷೆ ಅಲುಗುತ್ತದೆ.

ಮೂರನೇ ಎರಡರಷ್ಟು ಎಂದರೆ ಎಷ್ಟು ಜನ

ಹಾಗಾದರೆ ಮಂಜೂರಾದ ನಕ್ಷೆಯನ್ನು ಬಿಲ್ಡರ್ ಬದಲಿಸಬಹುದೇ? 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ನಾವು ರೇರಾ ಎನ್ನುವುದು, ಇದಕ್ಕೆ 14ನೇ ಕಲಮಿನಲ್ಲಿ ಎರಡು ಬಗೆಯ ಉತ್ತರ ಕೊಡುತ್ತದೆ. ನಿಮ್ಮ ಫ್ಲಾಟಿನ ಒಳಗಿನ ಬದಲಾವಣೆಗೆ ನಿಮ್ಮ ಪೂರ್ವ ಒಪ್ಪಿಗೆ ಬೇಕು. ಕಟ್ಟಡದ ಉಳಿದ ಭಾಗ, ಸಾಮಾನ್ಯ ಜಾಗಗಳ ಬದಲಾವಣೆಗೆ ಬಿಲ್ಡರ್ ಹೊರತುಪಡಿಸಿ ಉಳಿದ ಖರೀದಿದಾರರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿಯ ಲಿಖಿತ ಪೂರ್ವ ಒಪ್ಪಿಗೆ ಬೇಕು. ತಾರಸಿ, ಉದ್ಯಾನ, ಆಟದ ಜಾಗ, ತೆರೆದ ಪಾರ್ಕಿಂಗ್, ನೆಲಮಾಳಿಗೆ ಎಲ್ಲವನ್ನೂ ಕಾಯಿದೆ ಸಾಮಾನ್ಯ ಜಾಗದ ಪಟ್ಟಿಯಲ್ಲಿಯೇ ಹೆಸರಿಸಿದೆ. ಹುಲ್ಲು ಹೋಗಿ ಅಂಗಡಿ ಬರುವುದು, ಈಜುಕೊಳ ತಾರಸಿ ಹತ್ತುವುದು, ಮಹಡಿ ಏರುವುದು ಮೂರೂ ಇದರೊಳಗೆ ಬರುತ್ತವೆ.

ಒಂದು ಸಣ್ಣ ಕಿಂಡಿ ಇದೆ. ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಶಿಫಾರಸು ಮಾಡಿ, ದೃಢೀಕರಿಸಿ, ಖರೀದಿದಾರರಿಗೆ ತಿಳಿಸಿದರೆ ರಚನೆಯ ಕಾರಣಕ್ಕಾಗಿ "ಸಣ್ಣಪುಟ್ಟ" ಬದಲಾವಣೆ ಮಾಡಬಹುದು. ಈ ಪದವನ್ನು ಹಿಗ್ಗಿಸಿ ಅದರೊಳಗೆ ಆನೆಯನ್ನೇ ನುಗ್ಗಿಸುವವರಿದ್ದಾರೆ. ಅದಕ್ಕಾಗಿಯೇ ಯಾವುದು ಸಣ್ಣದಲ್ಲ ಎಂದು ಕಾಯಿದೆ ಬಿಡಿಸಿ ಹೇಳಿದೆ: ವಿಸ್ತೀರ್ಣ ಹೆಚ್ಚಿಸುವುದು, ಎತ್ತರ ಬದಲಿಸುವುದು, ಗೋಡೆ, ಕಂಬ, ತೊಲೆಗಳಿಗೆ ಕೈ ಹಾಕುವುದು, ಓಡಾಟದ ದಾರಿ ಮುಚ್ಚುವುದು ಇವು ಯಾವುವೂ ಸಣ್ಣ ಬದಲಾವಣೆಗಳಲ್ಲ.

ಕಳೆದ ಮಳೆಗಾಲದಲ್ಲಿ ನಮಗೆಲ್ಲ ಒಂದು ಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಲಾಂಛನ. "ತಮ್ಮ ಅನುಕೂಲಕ್ಕಾಗಿ ವಿನ್ಯಾಸವನ್ನು ಮೇಲ್ದರ್ಜೆಗೇರಿಸಲಾಗಿದೆ" ಎಂದು ಆರಂಭವಾಗಿ, "15 ದಿನಗಳಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು" ಎಂದು ಮುಗಿಯುತ್ತಿತ್ತು. ನಮ್ಮಲ್ಲಿ ಹಲವರು ಅದನ್ನು ಕರೆಂಟ್ ಬಿಲ್ಲಿನ ಜೊತೆ ಡಬ್ಬಿಗೆ ಹಾಕಿದ್ದರು. ಕಾಯಿದೆ ಕೇಳುವುದು ಬರಹದ ಒಪ್ಪಿಗೆಯನ್ನು. ಮೌನವನ್ನು ಸಹಿ ಎಂದು ಓದಲು ಅದರಲ್ಲಿ ಜಾಗವಿಲ್ಲ. ಹಾಗೆಂದು ಸುಮ್ಮನೆ ಕೂರುವುದೂ ಜಾಣತನವಲ್ಲ. ಎರಡು ಸಾಲಿನ ಆಕ್ಷೇಪವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ಚೀಟಿ ಇಟ್ಟುಕೊಂಡವರ ಮಾತಿಗೆ ಮುಂದೆ ತೂಕ ಬರುತ್ತದೆ.

ಎಣಿಕೆಯಲ್ಲೂ ಒಂದು ಸ್ವಾರಸ್ಯವಿದೆ. 30 ಫ್ಲಾಟುಗಳಲ್ಲಿ 8 ಜಾಗದ ಮಾಲೀಕರ ಪಾಲು. ಉಳಿದ 22ರಲ್ಲಿ ಮಾರಾಟವಾದದ್ದು 18. ಅದರಲ್ಲಿ ಮೂರನ್ನು ಕೊಂಡದ್ದು ಒಬ್ಬರೇ ಉದ್ಯಮಿ. ಬಿಲ್ಡರ್ ಕಚೇರಿಯ ಹುಡುಗ ಈ ಮೂರನ್ನೂ ಮೂರು ಒಪ್ಪಿಗೆ ಎಂದು ಎಣಿಸಿದ್ದ. ಆದರೆ ಒಬ್ಬ ವ್ಯಕ್ತಿ, ಅವನ ಕುಟುಂಬ ಎಷ್ಟೇ ಫ್ಲಾಟ್ ಕೊಂಡಿರಲಿ, ಅದು ಒಂದೇ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ತಲೆಗಳು 16. ಮೂರನೇ ಎರಡರಷ್ಟು ಎಂದರೆ ಹತ್ತೂಮುಕ್ಕಾಲಿನ ಹತ್ತಿರ, ಅಂದರೆ 11 ಸಹಿ ಬೇಕು. ಅವರ ಬಳಿ ಇದ್ದದ್ದು ಒಂಬತ್ತು.

"ಆದರೆ ಕರಾರಿನಲ್ಲಿಯೇ ನೀವು ಒಪ್ಪಿದ್ದೀರಲ್ಲ" ಎಂಬುದು ಅವರ ಮುಂದಿನ ಮಾತು. ನಿಜ, ನಲವತ್ತು ಪುಟದ ಕರಾರಿನ ಮೂವತ್ತೊಂದನೇ ಪುಟದಲ್ಲಿ ಆ ಸಾಲು ಇತ್ತು: ವಿನ್ಯಾಸ ಬದಲಿಸುವ ಹಕ್ಕು ನಿರ್ಮಾಪಕರದ್ದು, ಖರೀದಿದಾರರು ಈಗಲೇ ಒಪ್ಪಿರುತ್ತಾರೆ. ಏನಕ್ಕೆ ಒಪ್ಪುತ್ತಿದ್ದೇವೆ ಎಂದು ಗೊತ್ತಿಲ್ಲದೆ ಕೊಟ್ಟ ಇಂಥ ಸಾರಾಸಗಟು ಒಪ್ಪಿಗೆಯನ್ನು, ರೇರಾಕ್ಕಿಂತ ಹಿಂದಿನ ಮಹಾರಾಷ್ಟ್ರದ ಕಾಯಿದೆಯ ಸಂದರ್ಭದಲ್ಲೇ ಮುಂಬೈ ಹೈಕೋರ್ಟ್ ಒಪ್ಪಿಗೆಯೆಂದು ಪರಿಗಣಿಸಲು ನಿರಾಕರಿಸಿದೆ. ಪೂರ್ಣ ವಿವರ ಕೊಟ್ಟು, ನಿರ್ದಿಷ್ಟ ಬದಲಾವಣೆಗೆ ಪಡೆದದ್ದೇ ಒಪ್ಪಿಗೆ.

ಈ ವಿಷಯದಲ್ಲಿ ಇಡೀ ದೇಶ ಕಣ್ಣಾರೆ ಕಂಡ ಪಾಠ ನೋಯ್ಡಾದ್ದು. ಅಲ್ಲಿನ ಎಮರಾಲ್ಡ್ ಕೋರ್ಟ್ ವಸತಿ ಸಮುಚ್ಚಯದ ನಕ್ಷೆ 2005ರಲ್ಲಿ ಮಂಜೂರಾಯಿತು. 2006, 2009, 2012ರಲ್ಲಿ ತಿದ್ದುಪಡಿಗಳಾದವು. ಉದ್ಯಾನಕ್ಕೆಂದು ತೋರಿಸಿದ್ದ ಜಾಗದಲ್ಲಿ ಎರಡು ಗೋಪುರಗಳು ಎದ್ದವು, ಅವುಗಳ ಎತ್ತರವನ್ನು 40 ಮಹಡಿಗೆ ಏರಿಸಲೂ ಅನುಮತಿ ಸಿಕ್ಕಿತು. ಪ್ರತಿ ತಿದ್ದುಪಡಿಗೂ ಪ್ರಾಧಿಕಾರದ ಮೊಹರಿತ್ತು. ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. 2014ರಲ್ಲಿ ಅಲಹಾಬಾದ್ ಹೈಕೋರ್ಟ್, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಕೆಡವಲು ಹೇಳಿದವು. ಕಟ್ಟಡಗಳ ನಡುವಿನ ಕನಿಷ್ಠ ಅಂತರದ ನಿಯಮ ಮುರಿದದ್ದು ಒಂದು ಕಾರಣ. ಮೊದಲೇ ಮನೆ ಕೊಂಡವರ ಒಪ್ಪಿಗೆಯಿಲ್ಲದೆ ಅವರ ಸಾಮಾನ್ಯ ಜಾಗದ ಪಾಲನ್ನು ಕುಗ್ಗಿಸಿದ್ದು ಇನ್ನೊಂದು. 2022ರ ಆಗಸ್ಟ್ 28ರ ಮಧ್ಯಾಹ್ನ ಎರಡೂ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ಧೂಳಾದವು. ಟಿ.ವಿ.ಯಲ್ಲಿ ನಾವೆಲ್ಲ ಚಹಾ ಕುಡಿಯುತ್ತ ನೋಡಿದ್ದು ಅದನ್ನೇ. ಅಂದು ನನಗೆ ಸ್ಫೋಟವಷ್ಟೇ ಕಂಡಿತ್ತು. ನನ್ನ 97 ಚದರಡಿಯ ಲೆಕ್ಕ ಅದರೊಳಗೆ ಇತ್ತು ಎಂದು ಹೊಳೆದದ್ದು ಈಗ.

ನೋಯ್ಡಾದ ಪ್ರಕರಣ ಇನ್ನೊಂದನ್ನೂ ತೋರಿಸುತ್ತದೆ. ಮೊಹರಿರುವ ಪರಿಷ್ಕೃತ ನಕ್ಷೆ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ನಕ್ಷೆ ಮಂಜೂರು ಮಾಡುವವರು ನೋಡುವುದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಟ್ಟಿದ್ದಾರೆಯೇ, ಎಫ್‌ಎಆರ್ ಮೀರಿದೆಯೇ, ಪಾರ್ಕಿಂಗ್ ಸಾಲುತ್ತದೆಯೇ ಎಂದು. ಒಳಗೆ ಮನೆ ಕೊಂಡ ಹದಿನಾರು ಜನ ಏನು ಹೇಳುತ್ತಾರೆ ಎಂಬುದು ರೇರಾದ ವಿಷಯ. ಪಾಲಿಕೆ ನಮ್ಮೂರಿನ ಲಾಲ್‌ಬಾಗ್‌ನಲ್ಲಿ, ರೇರಾ ಬೆಂಗಳೂರಿನಲ್ಲಿ. ಒಂದು ಕಡೆಯ ಕಾಗದ ಇನ್ನೊಂದು ಕಡೆಗೆ ತಾನಾಗಿ ನಡೆದುಹೋಗುವುದಿಲ್ಲ. "ಪಾಲಿಕೆಯೇ ಒಪ್ಪಿದೆ, ನಿಮ್ಮದೇನು?" ಎಂದು ಬಿಲ್ಡರ್ ಕಡೆಯವರು ಕೇಳಿದಾಗ ನಮ್ಮವರು ಬೆಪ್ಪಾಗಿ ನಿಲ್ಲುವುದು ಈ ಕಾರಣಕ್ಕೆ.

ಬೇಲಿಯ ಹೊರಗಿನವರು

ಇಷ್ಟೆಲ್ಲ ಹೇಳಿದ್ದು ಒಳಗಿನವರ ಬಗ್ಗೆ. ಬಾಯಮ್ಮ ಹೊರಗಿನವರು. ಅವರಿಗೆ ಮೂರನೇ ಎರಡೂ ಇಲ್ಲ, ಒಂದೂ ಇಲ್ಲ.

ಮಹಾಯೋಜನೆ ತಯಾರಾಗುವಾಗ ಸಾರ್ವಜನಿಕರಿಂದ ಆಕ್ಷೇಪ, ಸಲಹೆ ಕೇಳಬೇಕೆಂಬ ನಿಯಮವಿದೆ. ಆದರೆ ಒಂದು ನಿರ್ದಿಷ್ಟ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಪಕ್ಕದವರನ್ನು ಕರೆದು ಅಭಿಪ್ರಾಯ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮಹಾಯೋಜನೆಯ ಬಣ್ಣದ ನಕ್ಷೆ ಗೋಡೆಗೆ ಹಚ್ಚಿದಾಗ ಯಾರೂ ಹೋಗಿ ನೋಡುವುದಿಲ್ಲ. ನೋಡಿದರೂ ಹಳದಿ ಬಣ್ಣದ ಒಂದು ಚೌಕ ನಾಳೆ ತನ್ನ ಅಡುಗೆಕೋಣೆಯ ಕಿಟಕಿಗೆ ಬೀಳುವ ನೆರಳಾಗುತ್ತದೆ ಎಂದು ಯಾರಿಗೆ ಹೊಳೆಯಬೇಕು? ಗೊತ್ತಾಗುವುದು ಜೆಸಿಬಿ ಬಂದಾಗ. ಅಷ್ಟರಲ್ಲಿ ಹೇಳಬೇಕಾದ ಹೊತ್ತು ಮೀರಿರುತ್ತದೆ. ಹೀಗಾಗಿ ಹೊರಗಿನವರ ಅಸಮಾಧಾನ ಫೋನ್-ಇನ್ ಕಾರ್ಯಕ್ರಮಗಳಿಗೆ, ಪತ್ರಿಕೆಯ ಓದುಗರ ಪತ್ರಗಳಿಗೆ, ಕೊನೆಗೆ ಗೇಟಿನ ಬಳಿಯ ಜಗಳಕ್ಕೆ ಹರಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ವ್ಯವಸ್ಥೆಯ ಅತ್ಯಂತ ದೊಡ್ಡ ತೂತು ಇದು. ಪರಿಷ್ಕೃತ ನಕ್ಷೆಗೆ ಅರ್ಜಿ ಬಿದ್ದ ದಿನವೇ ಅದರ ಒಂದು ಪ್ರತಿಯನ್ನು ಆ ತಗಡಿನ ಬೇಲಿಗೇ ಅಂಟಿಸಬೇಕೆಂದು ಒಂದು ಸಾಲು ಉಪವಿಧಿ ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಅದಕ್ಕೆ ಬೇಕಾಗುವುದು ಗೋಂದು ಮಾತ್ರ.

ಹೊರಗಿನವರ ಆತಂಕ ಬರೀ ನೆರಳಿನದ್ದಲ್ಲ. ಮೊದಲನೆಯದು ಬಾವಿ. ಪೇಟೆಯ ಹಳೆಯ ಹಿತ್ತಿಲುಗಳಲ್ಲಿ ಮನೆಗೊಂದು ಬಾವಿ ಇದೆ. ಪಕ್ಕದಲ್ಲಿ ಆಳದ ಗುಂಡಿ ತೋಡಿ ಹಗಲೂ ರಾತ್ರಿ ಪಂಪು ಹಚ್ಚಿ ನೀರು ಹೊರಹಾಕಿದರೆ ಆ ಬಾವಿಗಳ ನೀರು ಇಳಿಯುತ್ತದೆ. ಎರಡನೆಯದು ಬರೆ, ಅಂದರೆ ಕಡಿದಾದ ಮಣ್ಣಿನ ದಂಡೆ ಜರಿಯುವ ಭಯ. ಮೂರನೆಯದು ತೋಡು, ಅಂದರೆ ಮಳೆನೀರು ಹರಿಯುವ ಕಾಲುವೆ. ನೆಲವೆಲ್ಲ ಕಾಂಕ್ರೀಟ್ ಆದ ಮೇಲೆ ಇಂಗಬೇಕಾದ ನೀರು ಓಡತೊಡಗುತ್ತದೆ. ತೋಡು ಮೊದಲಿನಷ್ಟೇ ಅಗಲ, ಕೆಲವೆಡೆ ಅದಕ್ಕಿಂತ ಕಡಿಮೆ. 2018ರ ಮೇ 29ರಂದು ಕೆಲವೇ ಗಂಟೆಗಳ ಮಳೆಗೆ ಊರು ಮುಳುಗಿದ್ದನ್ನು ಕಂಡವರಿಗೆ ಎರಡು ಮಹಡಿ ಹೆಚ್ಚಾಗುವುದಕ್ಕಿಂತ ಹುಲ್ಲುಹಾಸು ಕಾಂಕ್ರೀಟ್ ಆಗುವುದು ಹೆಚ್ಚು ಹೆದರಿಸಬೇಕು.

ಇವರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಪಕ್ಕದ ಜಾಗದ ಮಣ್ಣಿನ ಸಹಜ ಆಧಾರ ನಮ್ಮ ಜಾಗಕ್ಕೆ ಉಳಿಯಬೇಕೆಂಬ ಹಕ್ಕನ್ನು 1882ರ ಭೋಗಾಧಿಕಾರ (ಈಸ್‌ಮೆಂಟ್ಸ್) ಕಾಯಿದೆಯೇ ಗುರುತಿಸಿದೆ. ನಕ್ಷೆಗೆ ವಿರುದ್ಧವಾಗಿ ಕಟ್ಟಿದರೆ ಪೌರ ನಿಗಮಗಳ ಕಾಯಿದೆಯ 321ನೇ ಕಲಮಿನಡಿ ಆಯುಕ್ತರು ಕೆಲಸ ನಿಲ್ಲಿಸಿ ತೆಗೆಸಬಹುದು. ದೂರು ಕೊಡಲು ಫ್ಲಾಟ್ ಕೊಂಡಿರಬೇಕೆಂದಿಲ್ಲ. ಆದರೆ ವಿರುದ್ಧ ಎಂದು ಹೇಳಲು ನಕ್ಷೆ ಕೈಯಲ್ಲಿರಬೇಕಲ್ಲ? ನಾನು ಬಾಯಮ್ಮನಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟೆ. ಮಂಜೂರಾದ ನಕ್ಷೆ, ಪರಿಷ್ಕೃತ ನಕ್ಷೆ, ಮಣ್ಣು ಪರೀಕ್ಷಾ ವರದಿ ಮೂರರ ದೃಢೀಕೃತ ಪ್ರತಿ ಅದರಲ್ಲಿ ಕೇಳಿದೆವು. ಕಾಯಿದೆಯ ಪ್ರಕಾರ 30 ದಿನದೊಳಗೆ ಉತ್ತರ ಬರಬೇಕು.

ಫ್ಲಾಟ್ ಕೊಂಡವರ ಕೆಲಸ ಇದಕ್ಕಿಂತ ಸುಲಭ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ನೋಂದಣಿಯ ದಿನ ಸಲ್ಲಿಸಿದ ನಕ್ಷೆ, ಫ್ಲಾಟುಗಳ ಸಂಖ್ಯೆ, ಮುಗಿಸುವ ದಿನಾಂಕ, ಮೂರು ತಿಂಗಳಿಗೊಮ್ಮೆ ಬಿಲ್ಡರ್ ಕೊಡಬೇಕಾದ ಪ್ರಗತಿ ವಿವರ ಎಲ್ಲವೂ ಸಿಗುತ್ತವೆ. 500 ಚದರ ಮೀಟರ್, ಅಂದರೆ ಸುಮಾರು ಹನ್ನೆರಡೂವರೆ ಸೆಂಟ್ಸ್ ಮೀರದ ಜಾಗ ಅಥವಾ ಎಂಟು ಮೀರದ ಫ್ಲಾಟುಗಳಿದ್ದರೆ ನೋಂದಣಿ ಕಡ್ಡಾಯವಲ್ಲ. ಅಂಥ ಪುಟ್ಟ ಕಟ್ಟಡ ಕೊಳ್ಳುವವರು ಹೆಚ್ಚು ಎಚ್ಚರವಾಗಿರಬೇಕು. ಬ್ರೋಷರ್ ಎಸೆಯಬೇಡಿ. ಸುಳ್ಳು ಜಾಹೀರಾತು ನಂಬಿ ದುಡ್ಡು ಕಟ್ಟಿ ನಷ್ಟವಾದರೆ ಪರಿಹಾರ, ಹಿಂದೆ ಸರಿಯುವುದಾದರೆ ಬಡ್ಡಿಸಹಿತ ಹಣ ವಾಪಸು ಕೇಳುವ ಹಕ್ಕು 12ನೇ ಕಲಮಿನಲ್ಲಿದೆ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 18ನೇ ಕಲಮು. ಬಡ್ಡಿಯ ದರ ಕರ್ನಾಟಕದ ನಿಯಮದಂತೆ ಸ್ಟೇಟ್ ಬ್ಯಾಂಕಿನ ಅತ್ಯಧಿಕ ಎಂಸಿಎಲ್‌ಆರ್‌ಗಿಂತ (ಸಾಲಕ್ಕೆ ಬ್ಯಾಂಕು ಆಧಾರವಾಗಿಡುವ ಬಡ್ಡಿದರ) ಶೇ 2 ಹೆಚ್ಚು.

ಇನ್ನು, "ಕಟ್ಟಿ ಮುಗಿದ ಮೇಲೆ ಯಾರು ಕೇಳುತ್ತಾರೆ, ಡೋರ್ ನಂಬರ್ ಸಿಕ್ಕಿದರಾಯಿತು" ಎಂಬ ಮಾತನ್ನು ನಮ್ಮೂರಿನಲ್ಲಿ ಬಹಳ ಕೇಳಿದ್ದೇನೆ. ಡೋರ್ ನಂಬರ್ ತೆರಿಗೆಗೆ. ಕಟ್ಟಡ ನಕ್ಷೆಯಂತೆ ಇದೆ ಎಂದು ಹೇಳುವುದು ಸ್ವಾಧೀನ ಪ್ರಮಾಣಪತ್ರ, ಜನ ಓಸಿ ಎನ್ನುವುದು. ಅದಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿದೆ. ಅಕ್ರಮ-ಸಕ್ರಮ ಬರುತ್ತದೆ ಎಂದು ಕಾಯುವವರಿಗೆ, ಆ ಯೋಜನೆಗೆ 2017ರ ಜನವರಿಯಲ್ಲಿ ಅದೇ ಕೋರ್ಟ್ ತಡೆ ಕೊಟ್ಟದ್ದನ್ನು ನೆನಪಿಸಬೇಕು.

ಬಿಲ್ಡರ್ ಕಚೇರಿಯಲ್ಲಿ ಕೊನೆಗೂ ಒಂದು ಸಭೆ ನಡೆಯಿತು. ಅವರ ಎಂಜಿನಿಯರ್, ಸಣ್ಣ ವಯಸ್ಸಿನ ಹುಡುಗಿ, ಮೇಜಿನ ಮೇಲೆ ನಕ್ಷೆ ಹರಡಿ ನಾಲ್ಕು ಮೂಲೆಗೂ ಚಹಾದ ಲೋಟ ಇಟ್ಟಳು. ಶೇಡಿ ಎಲ್ಲಿ ಸಿಕ್ಕಿತು, ನೆಲಮಾಳಿಗೆಯನ್ನು ಯಾಕೆ ಒಂದಕ್ಕೆ ಇಳಿಸಿದೆವು, ತಡೆಗೋಡೆಗೆ ಎಷ್ಟು ಹೆಚ್ಚು ಕಬ್ಬಿಣ ಹೋಯಿತು ಎಂದು ಅರ್ಧ ಗಂಟೆ ವಿವರಿಸಿದಳು. ಯಾರೂ ಎದುರಾಡಲಿಲ್ಲ. ಎಷ್ಟೋ ಜನ ತಲೆಯಾಡಿಸಿದರು. ಆಮೇಲೆ ನಾನು ಅಂಗಡಿಗಳ ಸಾಲಿನ ಮೇಲೆ ಬೆರಳಿಟ್ಟು "ಇದಕ್ಕೂ ಶೇಡಿಯೇ ಕಾರಣವಾ ಅಮ್ಮಾ?" ಎಂದು ಕೇಳಿದೆ. ಅವಳು ಸಂಸ್ಥೆಯ ಮಾಲೀಕರ ಮುಖ ನೋಡಿದಳು. ಮಾಲೀಕರು ಇನ್ನೊಂದು ಸುತ್ತು ಚಹಾ ತರಿಸಿದರು.

ನೆಲಮಾಳಿಗೆಯ ಬದಲಾವಣೆಗೆ ಅಂದು ಹದಿಮೂರು ಸಹಿ ಬಿತ್ತು, ನನ್ನದೂ ಸೇರಿ. ಅಂಗಡಿ ಮತ್ತು ಎರಡು ಮಹಡಿಯ ಕಾಗದ ಹಾಗೆಯೇ ಮೇಜಿನ ಮೇಲೆ ಉಳಿಯಿತು. ದುಬೈಯಲ್ಲಿರುವ ಇಬ್ಬರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.

ಬಾಯಮ್ಮನಿಗೆ ಮಾಹಿತಿ ಹಕ್ಕಿನ ಉತ್ತರ ಇನ್ನೂ ಬಂದಿಲ್ಲ, ಇವತ್ತಿಗೆ 26 ದಿನ. ಮೊನ್ನೆ ಹೋದಾಗ ಬಾವಿಕಟ್ಟೆಯ ಮೇಲೆ ಹೊಸ ಹಗ್ಗದ ಸುರುಳಿ ಇತ್ತು. ಹಳೆಯದಕ್ಕೆ ನಾಲ್ಕು ಮೊಳ ಸೇರಿಸಿ ಗಂಟು ಹಾಕಿದ್ದಾರೆ. ಗಂಟು ರಾಟೆಗೆ ಸಿಕ್ಕಿ ಪ್ರತಿ ಸಲ ಕೊಡ ಅರ್ಧಕ್ಕೆ ನಿಲ್ಲುತ್ತದೆ. ಅವರು ಹಗ್ಗವನ್ನು ಒಮ್ಮೆ ಜಗ್ಗಿ, ಬೇಲಿಯ ಕಡೆ ಒಮ್ಮೆ ನೋಡಿ, ಮತ್ತೆ ಎಳೆಯುತ್ತಾರೆ.